ಮಂಗಳ ಕೆಲಸ ಮಾಡುತ್ತಿದ್ದಾಳೆ

ಗಾಳಿ ಸೋಕಿತು, ದೆವ್ವ ಮೆಟ್ಟಿತು ಎಂದು ಯಾರಾದರೂ ನನ್ನ ಮುಂದೆ ಶುರು ಮಾಡಿದರೆ ನಾನು ಎದ್ದು ಹೋಗಿ ಪಾತ್ರೆ ತೊಳೆಯುವವಳು. ಮೊದಲಿಂದಲೂ ಹಾಗೆಯೇ. ನನ್ನ ಗಂಡ ತೀರಿಕೊಂಡ ವರ್ಷ, ಅವರು ಹಿತ್ತಿಲ ಹುಣಸೆಮರದ ಕೆಳಗೆ ಬೀಡಿ ಸೇದುತ್ತ ಕೂತಿದ್ದನ್ನು ಕಣ್ಣಾರೆ ಕಂಡೆವು ಎಂದು ಬೀದಿಯವರು ಬಂದು ಹೇಳಿದರು. ಕೂತಿದ್ದರೆ ಕೂರಲಿ, ಬದುಕಿದ್ದಾಗಲೂ ಅಲ್ಲೇ ಕೂರುತ್ತಿದ್ದರು, ಎದ್ದು ಬಂದು ಸೌದೆ ಒಡೆದುಕೊಟ್ಟರೆ ಆಗ ಹೇಳಿ ಎಂದೆ. ಅವತ್ತಿಂದ ಯಾರೂ ನನ್ನ ಹತ್ತಿರ ಆ ಮಾತು ತೆಗೆಯಲಿಲ್ಲ. ನಾನು ಓದಿರುವುದು ನಾಲ್ಕನೆಯ ಕ್ಲಾಸು. ಓದದವರು ಇಂಥದ್ದನ್ನು ಹೆಚ್ಚು ನಂಬುತ್ತಾರೆ ಅನ್ನುವುದು ಸುಳ್ಳು. ಓದಿದವರೂ ತಾಯತ ಕಟ್ಟಿಸಿಕೊಳ್ಳುತ್ತಾರೆ, ಅಂಗಿಯ ಒಳಗೆ ಕಟ್ಟಿಕೊಳ್ಳುತ್ತಾರೆ, ಅಷ್ಟೆ.

ಹಾಗಿದ್ದವಳ ಕಣ್ಣೆದುರಿಗೇ ಒಂದು ಸಂಗತಿ ನಡೆದಿದೆ. ನಡೆದಿದ್ದನ್ನು ನಡೆದಿಲ್ಲ ಅನ್ನುವುದಕ್ಕೆ ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಂಥವೆಲ್ಲ ಅಮಾವಾಸ್ಯೆಯ ರಾತ್ರಿ, ಊರು ಮಲಗಿದ ಮೇಲೆ ನಡೆಯುತ್ತವೆ ಅನ್ನುತ್ತಾರೆ. ನನ್ನದು ಮಟಮಟ ಮಧ್ಯಾಹ್ನ ನಡೆಯಿತು. ಗುಂಡ್ಲುಪೇಟೆಯ ನಮ್ಮ ಮನೆಯ ಮುಂಭಾಗದ ಅಂಗಡಿಯಲ್ಲಿ, ಎದುರಿಗೆ ಊಟಿ ರಸ್ತೆಯ ಮೇಲೆ ಕೇರಳದ ತರಕಾರಿ ಲಾರಿಗಳು ಹಾರನ್ನು ಹೊಡೆದುಕೊಂಡು ಓಡಾಡುತ್ತಿರುವಾಗ.

ಚಾಮರಾಜನಗರ ಬೇರೆ ಜಿಲ್ಲೆಯಾದ ಮೇಲಿನ ಮಾತು ಇದು. ನನ್ನ ಸೊಸೆ ಮಂಗಳ ಆ ಊರಿನವಳು. ಮದುವೆಗೆ ಮುಂಚೆಯೇ ಅಲ್ಲಿ ಟೈಪಿಂಗು, ಆಮೇಲೆ ಕಂಪ್ಯೂಟರು ಕಲಿತಿದ್ದಳು. ನನ್ನ ಮಗ ಸಿದ್ದರಾಜು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಗಾರ್ಡು. ವಾರಕ್ಕೊಮ್ಮೆ ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮನೆಯಲ್ಲಿ ನಾನು, ಅವಳು. ಅವಳು ಮನೆಯ ಮುಂದಿನ ಕೋಣೆಗೆ ಶಟರು ಹಾಕಿಸಿ ಕಂಪ್ಯೂಟರ್ ಅಂಗಡಿ ಇಟ್ಟಳು. ಮದುವೆ ಕಾರ್ಡು, ಅರ್ಜಿ, ಸ್ಕೂಲಿನ ಪ್ರಶ್ನೆಪತ್ರಿಕೆ ಎಲ್ಲ ಹೊಡೆಯುತ್ತಿದ್ದಳು. ತೆರಕಣಾಂಬಿ, ಬೇಗೂರಿನಿಂದೆಲ್ಲ ಬಸ್ಸು ಹತ್ತಿ ಬಂದು ಅವಳ ಕೈಯಲ್ಲೇ ಕಾರ್ಡು ಮಾಡಿಸಿಕೊಳ್ಳುವವರಿದ್ದರು. ನನಗೂ ಅವಳಿಗೂ ಜಗಳ ಇರಲಿಲ್ಲ. ಪ್ರೀತಿ ಇತ್ತು ಅಂತಲೂ ಆಗ ಹೇಳುತ್ತಿರಲಿಲ್ಲ. ಅವಳು ಅವಳ ಕೆಲಸ, ನಾನು ನನ್ನ ಕೆಲಸ.

ಮೊದಲ ಹೆರಿಗೆಗೆ ಹುಡುಗಿ ತವರಿಗೆ ಹೋಗುವುದು ಎಲ್ಲ ಕಡೆಯ ಪದ್ಧತಿ. ಮಂಗಳಳಿಗೆ ತಾಯಿ ಇರಲಿಲ್ಲ, ಇವಳು ಸಣ್ಣವಳಿದ್ದಾಗಲೇ ಹೋಗಿದ್ದರು. ಇದ್ದವನು ಒಬ್ಬ ತಮ್ಮ, ಮಾದೇಶ. ಇನ್ನೂ ಮದುವೆಯಾಗಿರಲಿಲ್ಲ, ಚಾಮರಾಜನಗರದಲ್ಲಿ ಕಂಪ್ಯೂಟರು ಕಲಿಸುವ ಕೆಲಸ. ಅವನೇನು ಬಾಣಂತನ ಮಾಡುತ್ತಾನೆ? ನಾನೇ ಮಾಡಿದೆ. ಹೆಣ್ಣು ಮಗು ಆಯಿತು. ಒಳಮನೆಯ ಕಿಟಕಿಗೆ ಗೋಣಿಚೀಲ ಹೊಡೆದು ಗಾಳಿ ನಿಲ್ಲಿಸಿದೆ. ದಿನಾ ಹಂಡೆ ನೀರು ಹೊಯ್ದು, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಕೆಂಡ ಇಟ್ಟು ಸಾಂಬ್ರಾಣಿ ಹೊಗೆ ಹಾಕುತ್ತಿದ್ದೆ. ಮಾದೇಶ ರಜೆ ಹಾಕಿ ಬಂದು ಅಂಗಡಿ ನೋಡಿಕೊಳ್ಳಲು ಕೂತ.

ಎಲ್ಲ ಸರಿಯಿತ್ತು, ಮಂಗಳ ಒಬ್ಬಳು ಸರಿಯಿರಲಿಲ್ಲ. ಜ್ವರ ಇಲ್ಲ, ನಂಜು ಇಲ್ಲ. ಆದರೆ ಗೋಡೆಯ ಕಡೆ ತಿರುಗಿ ಮಲಗಿದರೆ ಮಲಗಿದಳು. ಮಗು ಅತ್ತರೆ, ಪಕ್ಕದ ಮನೆಯ ಮಗು ಅತ್ತಂತೆ ಸುಮ್ಮನಿರುತ್ತಿದ್ದಳು. ನಾನು ಎತ್ತಿ ಎದೆಗೆ ಹಿಡಿದರೆ ಕುಡಿಸುತ್ತಿದ್ದಳು, ಕಣ್ಣು ಮಾತ್ರ ಗೋಡೆಯ ಮೇಲೆ. ಬರಬರುತ್ತ ಹಾಲೂ ಕಡಿಮೆಯಾಯಿತು. ನಾನು ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದೆ. ಬೀದಿಯವರು ತಾಯತ ತರಿಸಿ ಅಂದರು, ನಾನು ಡಾಕ್ಟರಮ್ಮನನ್ನು ಕರೆಸಿದೆ. ಕೆಲವು ಹೆಂಗಸರಿಗೆ ಹೀಗಾಗುತ್ತದೆ, ಹಾಗೇ ಬಿಡಬೇಡಿ, ಒಬ್ಬಳನ್ನೇ ಬಿಡಲೇಬೇಡಿ, ಅವಳಿಗೆ ಯಾವುದು ಇಷ್ಟವೋ ಅದನ್ನು ಮಾಡಿಸಿ ಅಂದರು. ಬಾಣಂತಿಗೆ ಏನಮ್ಮ ಇಷ್ಟ ಎಂದು ನಾನೇ ಹೋಗಿ ಕೇಳಿದೆ. ಗೋಡೆ ನೋಡುತ್ತಲೇ ಅವಳು, "ತೆರಕಣಾಂಬಿಯೋರ ಕಾರ್ಡು ಅರ್ಧಕ್ಕೆ ನಿಂತದೆ ಅತ್ತೆ" ಅಂದಳು. ಅಷ್ಟೇ ಮಾತು.

ಮಾದೇಶ ಆ ಮಾತು ಕೇಳಿದ್ದೇ ಚಾಮರಾಜನಗರದಿಂದ ತನ್ನ ಹಳೆಯ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ಬಾಣಂತಿ ಹೊರಗೆ ಬರುವಂತಿಲ್ಲ, ಕಂಪ್ಯೂಟರು ಒಳಗೆ ಹೋಗಬಹುದಲ್ಲ. ಒಳಮನೆಯಲ್ಲಿ ಮಂಚದ ಪಕ್ಕ ಮೇಜು ಹಾಕಿ ಕೂರಿಸಿದೆವು. ಮಂಗಳ ಎದ್ದು ಕೂತು ಒಂದಿಷ್ಟು ಹೊಡೆದಳು. ಪ್ರಿಂಟರು ಇದ್ದದ್ದು ಅಂಗಡಿಯಲ್ಲಿ. ಅವಳು ಹೊಡೆದದ್ದನ್ನು ಫ್ಲಾಪಿಗೆ ಹಾಕಿಕೊಡುವಳು, ನಾನು ಸೆರಗಿನ ತುದಿಗೆ ಕಟ್ಟಿಕೊಂಡು ಅಂಗಡಿಗೆ ತಂದುಕೊಡುವೆ. ನನ್ನ ಸೆರಗಿನ ತುದಿಯಲ್ಲಿ ಎಲೆಗೆ ಹಚ್ಚುವ ಸುಣ್ಣದ ಡಬ್ಬಿಯೂ ಇರುತ್ತಿತ್ತು. ಎರಡು ಫ್ಲಾಪಿ ಹಾಳಾದವು.

"ಫ್ಲಾಪಿಗೆ ಸುಣ್ಣ ಹಚ್ಚಿದ್ದೀರಲ್ಲ ಅವ್ವ, ಎಲೆ ಅಡ್ಕೆನೂ ಕೊಟ್ಬುಡಿ, ಉಗುಳ್ಲಿ" ಅಂದ ಮಾದೇಶ.

"ಅಷ್ಟು ನಾಜೂಕಿನ ವಸ್ತುವ ಯಾಕ್ಲಾ ಇಟ್ಕಂಡಿದ್ದೀಯ? ನೀನೇ ಒತ್ಕಂಡು ತಿರುಗು" ಅಂದೆ.

ಅವನು ಬಾಣಂತಿ ಕೋಣೆಗೆ ಗಳಿಗೆಗೊಂದು ಸಲ ನುಗ್ಗುವುದು ನನಗೆ ಇಷ್ಟವಿರಲಿಲ್ಲ, ಎಷ್ಟು ತಮ್ಮನಾದರೂ. ಅದಕ್ಕೆ ಅವನು ಒಂದು ವೈರು ತಂದ. ಅಂಗಡಿಯಿಂದ ನಡುಮನೆ, ಅಡಿಗೆಮನೆಯ ಒಲೆಯ ಮೇಲಿಂದ ಹಾದು, ಗೋಡೆ ತೂತು ಮಾಡಿ ಒಳಮನೆಗೆ ಎಳೆದ. ಗೋಡೆ ಯಾಕೆ ತೂತು ಮಾಡ್ತಿದ್ದೀಯ ಎಂದು ನಾನು ಕೂಗಾಡಿದೆ. ಆಗ ಅವನು ಹೇಳಿದ ಮಾತು ನನಗೆ ಚೆನ್ನಾಗಿ ತಿಳಿಯಿತು.

"ಅಡ್ಗೆಮನೆಗೂ ನಡುಮನೆಗೂ ನಡುವೆ ಗೋಡೆಲಿ ಗೂಡು ಅದೆಯಲ್ಲ ಅವ್ವ, ಆ ಕಡೆಯಿಂದ ಸೊಂಬು ಇಟ್ರೆ ಈ ಕಡೆಯಿಂದ ತಕ್ಕಳದು? ಇದೂ ಅಂಗೇ ಕಣವ್ವ. ಅಕ್ಕನ ಪೆಟ್ಟಿಗೆ ಒಳಗೊಂದು ಗೂಡು ಮಾಡಿ, ಈ ಕಡೆಯಿಂದ್ಲೂ ತೆಗ್ದು ನೋಡೋ ಅಂಗೆ ಬುಟ್ಟಿವ್ನಿ. ಅವ್ಳು ಅಲ್ಲಿ ಇಟ್ರೆ ನಾನು ಇಲ್ಲಿ ತಕ್ಕತೀನಿ. ನೀವು ಸೆರಗು ಬಿಚ್ಚಂಗಿಲ್ಲ."

ಅಂಗಡಿಯ ಕಂಪ್ಯೂಟರಿನ ಪರದೆಯ ಮೇಲೆ ಆ ಗೂಡಿಗೆ ಒಂದು ಪುಟ್ಟ ಚಿತ್ರ, ಅದರ ಕೆಳಗೆ ಇಂಗ್ಲಿಷಿನ ಎಂ ಅಕ್ಷರ. ಮಂಗಳನ ಎಂ ಎಂದು ಅವನೇ ಇಟ್ಟದ್ದು. ಒಳಗಿನ ಕಂಪ್ಯೂಟರು ನಡೆಯುತ್ತಿದ್ದರೆ ಚಿತ್ರ ಸುಮ್ಮನೆ ಇರುತ್ತದೆ. ಅದನ್ನು ಆರಿಸಿದ ಮೇಲೆ ಇಲ್ಲಿ ನೋಡಿದರೆ ಚಿತ್ರದ ಮೇಲೆ ಕೆಂಪಗೆ ಅಡ್ಡಗೀಟು ಬಿದ್ದಿರುತ್ತದೆ. ನನಗೆ ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದು ಇದೊಂದೇ. ಆದರೆ ನನಗೆ ಅದು ಸಾಕಾಗಿತ್ತು. ಅಂಗಡಿಯ ಬಾಗಿಲಲ್ಲಿ ಕೂತು ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ ಆ ಚಿತ್ರ ನೋಡುತ್ತಿದ್ದೆ. ಗೀಟು ಇಲ್ಲ ಅಂದರೆ ಮಂಗಳ ಎದ್ದು ಕೂತಿದ್ದಾಳೆ. ಗೀಟು ಬಿತ್ತು ಅಂದರೆ ಗೋಡೆಯ ಕಡೆ ತಿರುಗಿದಳು. ಗೀಟು ಬಿದ್ದ ಕೂಡಲೇ ನಾನು ಏನಾದರೂ ನೆವ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ. ಮೆಣಸಿನ ಸಾರು ಕುಡಿ, ಬಟ್ಟೆ ಬದಲಾಯಿಸು, ಅದೂ ಇದೂ ಅಂತ. ಕೆಲಸ ಮಾಡುವಾಗ ಅವಳು ನಾಲ್ಕು ಮಾತಾದರೂ ಆಡುತ್ತಿದ್ದಳು.

ಹೀಗೆ ಒಂದಿಷ್ಟು ದಿನ ನಡೆದು ಒಳಗಿನ ಕಂಪ್ಯೂಟರು ಕೆಟ್ಟಿತು. ಕೆಡದೆ ಇನ್ನೇನು? ದಿನಕ್ಕೆರಡು ಸಲ ನಾನು ಸಾಂಬ್ರಾಣಿ ಹಾಕುವುದು ಅದೇ ಕೋಣೆಯಲ್ಲಿ. ಬಾಣಂತಿಯ ತಲೆಗೂದಲಿಗೆ ಹೋಗಬೇಕಾದ ಹೊಗೆ ಅದರ ಹೊಟ್ಟೆಗೂ ಹೋಗಿದೆ. ಮಾದೇಶ ಹಿಂದಿನ ಮುಚ್ಚಳ ತೆಗೆದು ನೋಡಿದರೆ ಒಳಗೆಲ್ಲ ಒಲೆಯ ಗೋಡೆ ಥರ ಮಸಿ. "ಅವ್ವ ಕಂಪ್ಯೂಟರಿಗೂ ಬಾಣಂತನ ಮಾಡವ್ರೆ" ಎಂದು ಬೀದಿಗೆಲ್ಲ ಹೇಳಿದ. ನಾನೇನೂ ನಾಚಿಕೊಳ್ಳಲಿಲ್ಲ. ಕಂಪ್ಯೂಟರಿಗೋಸ್ಕರ ಬಾಣಂತಿಗೆ ಹೊಗೆ ನಿಲ್ಲಿಸುವವಳು ನಾನಲ್ಲ. ಅವನು ಅದನ್ನು ಮತ್ತೆ ಕಂಬಳಿಯಲ್ಲಿ ಸುತ್ತಿಕೊಂಡು ಚಾಮರಾಜನಗರದ ರಿಪೇರಿಯವನಿಗೆ ಕೊಟ್ಟು ಬಂದ. ಒಳಮನೆಯಲ್ಲಿ ಬರೀ ಮೇಜು ಉಳಿಯಿತು. ವೈರಿನ ತುದಿಯನ್ನು ಮಗುವಿನ ಬಟ್ಟೆ ಹಾಕುವ ಮೊಳೆಗೆ ಸುತ್ತಿ ನೇತುಹಾಕಿದೆ.

ಮಂಗಳ ಮತ್ತೆ ಮಲಗಿದಳು. ಈ ಸಲ ಮೊದಲಿಗಿಂತ ಜಾಸ್ತಿ. ತಲೆ ಬಾಚಲು ಕೂರಿಸಿದರೆ ಕೂತಂತೆಯೇ ಇರುತ್ತಿದ್ದಳು, ಬಿಟ್ಟರೆ ಹಾಗೇ ಒರಗುತ್ತಿದ್ದಳು. ಒಂದು ಬೆಳಿಗ್ಗೆ ನೀರು ಹೊಯ್ಯುವಾಗ ನನ್ನ ಮುಖ ನೋಡದೆ ಹೇಳಿದಳು.

"ಅತ್ತೆ, ಈ ಮಗೀನ ನೀವೇ ಸಾಕ್ಕಬುಡಿ."

ನನ್ನ ಕೈಯ ಚೊಂಬು ಹಾಗೇ ನಿಂತಿತು. ನಾನು ಅಂಥ ಮಾತು ಮೊದಲೂ ಒಂದು ಸಲ ಕೇಳಿದ್ದೇನೆ. ನನ್ನ ಅಕ್ಕನ ಮಗಳು ಹಾಗೆ ಹೇಳಿದವಳು ಮಾರನೆಯ ವಾರ ಇರಲಿಲ್ಲ. ಯಾರೂ ಆ ಮಾತಿಗೆ ಬೆಲೆ ಕೊಟ್ಟಿರಲಿಲ್ಲ.

"ನಿನ್ನ ಈಗ ಯಾರು ಸಾಕ್ತಾವ್ರೆ ಅನ್ಕಂಡಿದ್ದೀಯೆ? ಇಬ್ರನೂ ಸಾಕ್ತೀನಿ. ತಲೆ ಬಗ್ಸು, ನೀರು ಕಣ್ಣಿಗೋಯ್ತದೆ" ಅಂದೆ. ಅಂದವಳು ಅವತ್ತೇ ಆಳು ಕರೆಸಿ ಹಿತ್ತಿಲ ಬಾವಿಗೆ ತಗಡು ಮುಚ್ಚಿಸಿ ಮೇಲೆ ಚಪ್ಪಡಿ ಕಲ್ಲು ಹೇರಿಸಿದೆ. ಯಾಕೆ ಎಂದು ಕೇಳಿದವರಿಗೆ ಬೆಕ್ಕು ಬೀಳುತ್ತದೆ ಎಂದೆ. ರಾತ್ರಿ ಅವಳ ಮಂಚಕ್ಕೆ ಅಡ್ಡಲಾಗಿ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಮಲಗತೊಡಗಿದೆ. ಮಗನಿಗೆ ಹೇಳಿ ಕಳಿಸಿದೆ, ಅವನು ಬಂದು ತಲೆಯ ಮೇಲೆ ಕೈ ಹೊತ್ತು ಕೂತ, ರಜೆ ಮುಗಿದು ಹೋದ. ಡಾಕ್ಟರಮ್ಮ ಮಾತ್ರೆ ಕೊಟ್ಟರು. ಕಾಯಬೇಕು ಅಂದರು. ಕಾಯುವುದು ನನಗೆ ಬರುತ್ತದೆ. ಆದರೆ ಮಗು ದಿನದಿಂದ ದಿನಕ್ಕೆ ಇಳಿಯುತ್ತಿತ್ತು.

ಆ ಮಧ್ಯಾಹ್ನ ಮಂಗಳ ಕಣ್ಣು ಮುಚ್ಚಿದ್ದಳು. ಮಗು ಅಳು ನಿಲ್ಲಿಸಲಿಲ್ಲ, ಅವಳು ಒಂದು ಗಳಿಗೆಯಾದರೂ ನಿದ್ದೆ ಮಾಡಲಿ ಎಂದು ನಾನು ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದೆ. ಅಲ್ಲಿಂದ ಒಳಮನೆಯ ಬಾಗಿಲು ಕಾಣುತ್ತಿತ್ತು. ಮಾದೇಶ ಶಟರು ಅರ್ಧ ಎಳೆದು, ಮುದ್ದೆ ಉಪ್ಪುಸಾರಿನ ತಟ್ಟೆ ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿದ್ದ. ಕಂಪ್ಯೂಟರು ಹಾಕಿತ್ತು. ಅಭ್ಯಾಸ ನೋಡಿ, ಒಳಗಿನ ಪೆಟ್ಟಿಗೆ ಊರಲ್ಲೇ ಇಲ್ಲ, ಆದರೂ ನನ್ನ ಕಣ್ಣು ಆ ಚಿತ್ರಕ್ಕೆ ಹೋಯಿತು. ಅದರ ಮೇಲೆ ಕೆಂಪು ಗೀಟು ಇರಲಿಲ್ಲ.

"ಲೋ ಮಾದೇಸ, ಗೀಟು ಎಲ್ಲೋಯ್ತು?"

"ಎಲ್ಲೋಯ್ತದೆ, ಅಲ್ಲೇ ಇರ್ತದೆ. ನಿಮ್ಗೆ ಕಣ್ಣು ಮಂಜು ಕಣವ್ವ" ಎಂದು ತುತ್ತು ನುಂಗುತ್ತ ತಿರುಗಿ ನೋಡಿದ. ಆಮೇಲೆ ತಟ್ಟೆಯನ್ನು ಕೆಳಗಿಟ್ಟ. ಎಡಗೈಯಲ್ಲಿ ಮೌಸು ಹಿಡಿದು ಆ ಚಿತ್ರ ಒತ್ತಿದ. ಗೂಡು ತೆರೆಯಿತು. ಒಳಗೆ ಒಂದೇ ಒಂದು ಫೈಲು ಇತ್ತು. ಅದನ್ನು ಒತ್ತಿದ. ಪರದೆಯ ನಡುವೆ ಇಂಗ್ಲಿಷಿನಲ್ಲಿ ಏನೋ ಬರಹ ಬಂತು. ಅವನು ಅದನ್ನು ಎರಡೆರಡು ಸಲ ಓದಿದ.

"ಏನಂತೆ?"

"ಈ ಫೈಲ್ನ ಮಂಗಳ ಇಟ್ಕಂಡು ಕೆಲ್ಸ ಮಾಡ್ತಾವ್ಳೆ ಅಂತದೆ. ನೋಡ್ಬೇಕಾರೆ ನೋಡಿ, ಮುಟ್ಟಂಗಿಲ್ಲ ಅಂತದೆ."

ಇಬ್ಬರು ಎರಡು ಕಡೆಯಿಂದ ಒಂದೇ ಫೈಲನ್ನು ಬರೆಯಲು ಹೋದರೆ ಮೊದಲು ಕೂತವರ ಹೆಸರು ಹೇಳಿ ಎರಡನೆಯವರನ್ನು ತಡೆಯುತ್ತದಂತೆ. ಮೊದಲೂ ಎಷ್ಟೋ ಸಲ ಹಾಗೆ ಬಂದಿತ್ತು. ಆಗ ಅವನು ಇಲ್ಲಿಂದಲೇ, ಅಕ್ಕ, ಬುಡಕ್ಕ, ನಾ ತಕ್ಕತೀನಿ ಎಂದು ಕೂಗುತ್ತಿದ್ದ.

ನಾವಿಬ್ಬರೂ ಎದ್ದು ವೈರು ಹೋದ ದಾರಿ ಹಿಡಿದು ಹೊರಟೆವು. ನಡುಮನೆ, ಒಲೆಯ ಮೇಲಿನ ಗೋಡೆ, ತೂತು. ಒಳಮನೆಯಲ್ಲಿ ವೈರಿನ ತುದಿ ಮೊಳೆಗೆ ಸುತ್ತಿದ್ದದ್ದು ಸುತ್ತಿದಂತೆಯೇ ಇತ್ತು, ಮೇಲೆ ಮಗುವಿನ ಒದ್ದೆ ಬಟ್ಟೆ. ಮೇಜು ಖಾಲಿ. ಮಂಗಳ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳ ಬೆನ್ನು ಏಳುವುದು ಇಳಿಯುವುದು ನೋಡಿ ನನಗೆ ಉಸಿರು ಬಂತು. ನಾನು ಮೊಳೆಯಿಂದ ವೈರು ಬಿಚ್ಚಿ ತೂತಿನಾಚೆ ತಳ್ಳಿದೆ. ಮಾದೇಶ ಆ ಕಡೆಯಿಂದ ಎಳೆದು ಸುರುಳಿ ಸುತ್ತಿ, ಅಂಗಡಿಯ ಕಂಪ್ಯೂಟರಿನ ಹಿಂದಿನಿಂದಲೂ ಕಿತ್ತು ನೆಲದ ಮೇಲಿಟ್ಟ. ಮತ್ತೆ ಒತ್ತಿದ. ಅದೇ ಬರಹ ಬಂತು. ಮಂಗಳ ಕೆಲಸ ಮಾಡುತ್ತಿದ್ದಾಳೆ.

ಅವನು ಎಂಜಲು ಕೈಯಲ್ಲೇ ಪಕ್ಕದ ಎಸ್‌ಟಿಡಿ ಬೂತಿಗೆ ಓಡಿ ಚಾಮರಾಜನಗರದ ರಿಪೇರಿಯವನಿಗೆ ಫೋನು ಮಾಡಿ ಬಂದ. ಆ ಪೆಟ್ಟಿಗೆಯನ್ನು ನಿನ್ನೆಯೇ ಬಿಚ್ಚಿದ್ದಾರಂತೆ, ಬರೆದದ್ದೆಲ್ಲ ಇರುವ ಡಿಸ್ಕು ತಿರುಗುತ್ತಲೇ ಇಲ್ಲವಂತೆ, ತೆಗೆದು ಮೇಜಿನ ಮೇಲೆ ಇಟ್ಟಿದ್ದಾರಂತೆ. "ಅವ್ವ, ಅಂಗಡಿ ಮುಚ್ಬುಡಣ, ಯಾರನಾರ ಕರ್ಕಬರನ" ಅಂದ.

ಅವನಿಗೆ ಹೆದರಿಕೆ. ನನಗೆ ಹೆದರಿಕೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಆಮೇಲೆ ಯೋಚಿಸಿದ್ದೇನೆ. ಆ ಬರಹ ಕೆಟ್ಟದ್ದೇನೂ ಹೇಳುತ್ತಿರಲಿಲ್ಲ. ನನ್ನ ಸೊಸೆ ಕೆಲಸ ಮಾಡುತ್ತಿದ್ದಾಳೆ ಅನ್ನುತ್ತಿತ್ತು. ಎಷ್ಟು ದಿನದಿಂದ ನಾನು ಅದೊಂದನ್ನೇ ಕೇಳಬೇಕು ಎಂದು ಬಾಗಿಲಲ್ಲಿ ಕೂತಿದ್ದೆ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಸೀದಾ ಒಳಮನೆಗೆ ಹೋದೆ.

"ಏಳಮ್ಮಿ" ಅಂದೆ. "ಅಲ್ಲಿ ಯಾವಳೋ ನಿನ್ನೆಸ್ರು ಏಳ್ಕಂಡು ನಿನ್ ಕೆಲ್ಸ ಮಾಡ್ತಾ ಕುಂತವ್ಳೆ."

ಅವಳು ಅಲುಗಲಿಲ್ಲ.

"ಮುಟ್ಟಂಗಿಲ್ಲ ಅಂತಾವ್ಳೆ ಕಣಮ್ಮಿ. ನಿನ್ ತಮ್ಮನ್ನೇ ಮುಟ್ಟಕ್ಕೆ ಬುಡ್ತಿಲ್ಲ."

ನಿಧಾನಕ್ಕೆ ತಿರುಗಿದಳು. ಹಣೆ ಗಂಟಿಕ್ಕಿತ್ತು. ಎಷ್ಟೋ ದಿನವಾದ ಮೇಲೆ ಅವಳ ಮುಖದಲ್ಲಿ ನಾನು ಕಂಡದ್ದು ಸಿಟ್ಟು. ಸಿಟ್ಟಾದರೂ ಬಂತಲ್ಲ ಎಂದು ನನಗೆ ಹಬ್ಬವಾಯಿತು.

"ಯಾವಳು?" ಅಂದಳು.

"ನನ್ನೇನ್ ಕೇಳಿಯೆ? ಬಂದು ನೋಡು."

ತಲೆಗೆ ಬಟ್ಟೆ, ಕಿವಿಯಲ್ಲಿ ಹತ್ತಿ, ಹೊಟ್ಟೆಗೆ ಬಿಗಿದ ಸೀರೆ. ಹಾಗೇ ಗೋಡೆ ಹಿಡಿದುಕೊಂಡು ನಡೆದು ಬಂದಳು. ಬಾಣಂತಿ ಹೊರಗೆ ಬರುವ ದಿನ ಇನ್ನೂ ಆಗಿರಲಿಲ್ಲ. ಬೇರೆ ಯಾರಾದರೂ ಕರೆದಿದ್ದರೆ ನಾನೇ ಅಡ್ಡ ನಿಲ್ಲುತ್ತಿದ್ದೆ. ಮಾದೇಶ ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಒತ್ತಿಕೊಂಡ. ಅವಳು ಕೂತು ಬರಹ ಓದಿದಳು. ತನ್ನ ಹೆಸರಿನ ಮೇಲೆ ಬೆರಳಿಟ್ಟಳು. ನೋಡಬಹುದು ಅಂತ ಇದೆಯಲ್ಲ ಎಂದು ಇನ್ನೆಲ್ಲೋ ಒತ್ತಿದಳು. ಫೈಲು ತೆರೆಯಿತು.

ಅದು ನಾಮಕರಣದ ಕಾರ್ಡು. ನಮ್ಮ ಮಗುವಿನದೇ. ಮಂಗಳ ಬಸುರಿಯಾಗಿದ್ದಾಗ ಒಂದು ದಿನ ಸುಮ್ಮನೆ ಕೂತು ಮೇಲಿನ ಎರಡು ಸಾಲು, ಮನೆದೇವರ ಹೆಸರು ಹಾಕಿ ಬಿಟ್ಟಿದ್ದಳಂತೆ, ಒಳಗಿನ ಪೆಟ್ಟಿಗೆ ಬಂದ ಮೇಲೆ ಅದರಲ್ಲಿ ತೆಗೆದಿಟ್ಟು ಮತ್ತೆ ಮುಟ್ಟಿಯೇ ಇಲ್ಲವಂತೆ. ಈಗ ಅಲ್ಲಿ ಕಾರ್ಡು ಪೂರ್ತಿ ಇತ್ತು. ಸುತ್ತ ಬಳ್ಳಿ, ಮೂಲೆಯಲ್ಲಿ ತೊಟ್ಟಿಲ ಚಿತ್ರ, ಎಲ್ಲ ಅವಳೇ ಮಾಡುವ ಥರ. ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ. ಕೆಳಗೆ, ತಮ್ಮ ಆಗಮನ ಬಯಸುವವರು ಅನ್ನುವ ಕಡೆ ಒಂದೇ ಹೆಸರು. ನಾನು ಬಗ್ಗಿ ಓದಿದೆ. ನನ್ನದು.

ನಮ್ಮ ಕಡೆ ಶುಭಕಾರ್ಯದ ಕಾರ್ಡಿಗೆ ಗಂಡಸರ ಹೆಸರು ಹಾಕುತ್ತಾರೆ. ಗಂಡ ಸತ್ತವಳ ಹೆಸರನ್ನು ಯಾರೂ ಹಾಕುವುದಿಲ್ಲ, ನಾನೂ ಹಾಕಿಸುತ್ತಿರಲಿಲ್ಲ.

"ನನ್ನೆಸ್ರು ಯಾಕಮ್ಮಿ ಆಕಿದ್ದೀಯೆ? ತೆಗ್ದಾಕು."

"ನಾ ಆಕಿಲ್ಲ ಅತ್ತೆ."

"ಮತ್ಯಾರು ಆಕುದ್ರು?"

"ಇವ್ಳು" ಅಂದಳು, ಪರದೆಯ ಕಡೆ ಗದ್ದ ತೋರಿಸಿ. ಮಾದೇಶ ನನ್ನ ಸೆರಗಿನ ತುದಿ ಹಿಡಿದುಕೊಂಡ, ಅಷ್ಟು ದೊಡ್ಡ ಗಂಡಸು.

ಅವಳು ಫೈಲು ಮುಚ್ಚಿ ಮತ್ತೆ ತೆರೆಯಲು ನೋಡಿದಳು. ಮಂಗಳ ಕೆಲಸ ಮಾಡುತ್ತಿದ್ದಾಳೆ ಎಂದು ಬಂತು. ಇನ್ನೊಂದು ಸಲ ಒತ್ತಿದಳು. ಅದೇ ಬಂತು. "ಎದ್ದೇಳೇ" ಎಂದು ಗೊಣಗಿದಳು. ಬಸ್ಸಿನಲ್ಲಿ ತನ್ನ ಸೀಟಿನಲ್ಲಿ ಕೂತವಳನ್ನು ಎಬ್ಬಿಸುವ ಹಾಗಿತ್ತು ಆ ಮಾತು.

ಅಷ್ಟು ಹೊತ್ತಿಗೆ ಶಟರಿನ ಕೆಳಗೆ ಯಾರೋ ಬಗ್ಗಿ, ಜೆರಾಕ್ಸು ಅದಾ ಎಂದು ಕೇಳಿದರು. ಮಾದೇಶ ನಿಂತ ಕಡೆಯಿಂದ ಅಲುಗುವವನಲ್ಲ. ನಾನೇ ಹೋಗಿ ಕಳಿಸಬೇಕು. ಮಗು ಕೈಯಲ್ಲಿ ಕಿರುಚುತ್ತಿತ್ತು, ಇಡಲು ಜಾಗವಿಲ್ಲ. ಮಂಗಳನ ಮಡಿಲಿಗೆ ಹಾಕಿ, "ಇಡ್ಕ ವಸಿ" ಎಂದು ಶಟರಿನ ಕಡೆ ಹೋದೆ. ಅವಳನ್ನು ಪರೀಕ್ಷೆ ಮಾಡಬೇಕು ಅಂತಲ್ಲ, ನಿಜವಾಗಿ ನನಗೆ ಕೈ ಬೇಕಾಗಿತ್ತು.

ಬಂದವರನ್ನು ಕಳಿಸಿ, ಶಟರು ಪೂರ್ತಿ ಎಳೆದು ತಿರುಗಿದೆ. ಮಗುವಿನ ಅಳು ನಿಂತಿತ್ತು. ಮಂಗಳನ ಎಡಗೈ ಮಗುವಿನ ಬೆನ್ನಿನ ಕೆಳಗೆ ಹೋಗಿತ್ತು. ಬಲಗೈ ಮೌಸಿನ ಮೇಲೆ. ಕಣ್ಣು ಪರದೆಯ ಮೇಲೆ. ಮಗು ಎದೆಯಲ್ಲಿ ಹಾಲು ಕುಡಿಯುತ್ತಿತ್ತು. ಯಾವಾಗ ರವಿಕೆ ಸಡಿಲಿಸಿದಳೋ, ಅವಳಿಗೇ ಗೊತ್ತಿದೆಯೋ ಇಲ್ಲವೋ. ಯಾರೂ ಹಿಡಿದುಕೊಟ್ಟಿರಲಿಲ್ಲ. ಮಾದೇಶ ಆ ಕಡೆ ತಿರುಗಿ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದ, ಅವನ ಹೆಗಲು ಕುಣಿಯುತ್ತಿತ್ತು. ಅಳುತ್ತಿದ್ದ ಅನ್ನಿಸುತ್ತದೆ. ನಾನು ಶಟರಿಗೆ ಒರಗಿ ನಿಂತೆ. ಮಾತಾಡಿದರೆ ಎಲ್ಲಿ ಎಚ್ಚರವಾಗುತ್ತಾಳೋ ಎಂದು ಬಾಯಿಗೆ ಸೆರಗು ಇಟ್ಟುಕೊಂಡೆ. ಅವಳು ಒತ್ತುವುದು, ಓದುವುದು, ಮತ್ತೆ ಒತ್ತುವುದು. ಮಗು ಚೀಪುವ ಸದ್ದು. ಹೊರಗೆ ಲಾರಿ.

ಮಗು ನಿದ್ದೆ ಹೋಯಿತು. ಅವಳು ಬಗ್ಗಿ ನೋಡಿ, ಸೆರಗಿನಿಂದ ಅದರ ಬಾಯಿ ಒರೆಸಿದಳು. ಆಮೇಲೆ ಇನ್ನೊಂದು ಸಲ ಒತ್ತಿದಳು. ಈ ಸಲ ಯಾವ ಬರಹವೂ ಬರಲಿಲ್ಲ. ಫೈಲು ಸುಮ್ಮನೆ ತೆರೆಯಿತು.

ಖಾಲಿ ಜಾಗದಲ್ಲಿ ಒಂದೇ ಕೈಯಲ್ಲಿ, ಒಂದೊಂದೇ ಅಕ್ಷರ ಹುಡುಕಿ ಹೊಡೆದಳು. ಸಿಂಧು. ಮನೆದೇವರ ಹೆಸರು ಬಿಟ್ಟು ಇದೆಂಥ ಹೆಸರು ಎಂದು ಬೇರೆ ದಿನವಾಗಿದ್ದರೆ ಕೇಳುತ್ತಿದ್ದೆ. ಅವತ್ತು ಅವಳು ಏನಿಟ್ಟಿದ್ದರೂ ನನಗೆ ಒಪ್ಪಿಗೆ. ನನ್ನ ಹೆಸರು ತೆಗಿ ಎಂದು ಮಾತ್ರ ಇನ್ನೊಂದು ಸಲ ಹೇಳಿದೆ. "ಇರ್ಲಿ ಬುಡಿ ಅತ್ತೆ" ಅಂದಳು. ಪ್ರಿಂಟಿಗೆ ಕೊಟ್ಟಳು. ಪ್ರಿಂಟರು ಕರಕರ ಎಂದು ಒಂದು ಹಾಳೆ ಉಗುಳಿತು. ನಾನು ಹಾಳೆ ತೆಗೆದುಕೊಂಡು ತಲೆಯೆತ್ತುವಷ್ಟರಲ್ಲಿ ಪರದೆಯ ಮೇಲೆ ಫೈಲು ಇರಲಿಲ್ಲ. ಎಂ ಚಿತ್ರದ ಮೇಲೆ ಕೆಂಪು ಗೀಟು ಬಿದ್ದಿತ್ತು. ಮಾದೇಶ ಧೈರ್ಯ ಮಾಡಿ ಬಂದು ಎಷ್ಟು ಒತ್ತಿದರೂ ಗೂಡು ತೆರೆಯಲಿಲ್ಲ.

ಮಂಗಳ ಒಂದೇ ದಿನಕ್ಕೆ ಸರಿಹೋದಳು ಎಂದು ನಾನು ಸುಳ್ಳು ಬರೆಯುವುದಿಲ್ಲ. ಮಾರನೆಯ ದಿನ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಆದರೆ ಮಗುವನ್ನು ತನ್ನ ಮತ್ತು ಗೋಡೆಯ ನಡುವೆ ಹಾಕಿಕೊಂಡು ಮಲಗಿದಳು. ಮಾತ್ರೆ ನುಂಗಿದಳು, ಊಟ ಮಾಡಿದಳು, ಒಂದು ದಿನ ಚೆನ್ನಾಗಿ, ಮೂರು ದಿನ ಕೆಟ್ಟದಾಗಿ, ಹಾಗೆ ಹಾಗೆ ಮೇಲೆ ಬಂದಳು. ರಿಪೇರಿಯಾದ ಕಂಪ್ಯೂಟರು ಹೊಸ ಡಿಸ್ಕು ಹಾಕಿಸಿಕೊಂಡು ವಾಪಸು ಬಂತು. ಹಳೆಯದರಿಂದ ಒಂದಕ್ಷರವೂ ಸಿಗಲಿಲ್ಲ ಅಂದರು. ನಾಮಕರಣಕ್ಕೆ ನನ್ನ ಕೈಯಲ್ಲಿದ್ದ ಆ ಹಾಳೆಯನ್ನೇ ಇಟ್ಟು ಪ್ರೆಸ್ಸಿನಲ್ಲಿ ಕಾರ್ಡು ಮಾಡಿಸಿದೆವು. ನೆಂಟರಲ್ಲಿ ಕೆಲವರು ನನ್ನ ಹೆಸರು ನೋಡಿ ಮೂಗು ಮುರಿದರು, ಊಟಕ್ಕೆ ಮಾತ್ರ ಎಲ್ಲರೂ ಬಂದರು.

ಮಾದೇಶ ಈಗಲೂ ಸಿಕ್ಕಾಗೆಲ್ಲ ಒಂದೊಂದು ಕಾರಣ ಹೇಳುತ್ತಾನೆ. ಫೈಲಿನ ನಕಲು ಅಂಗಡಿಯ ಪೆಟ್ಟಿಗೆಯಲ್ಲೇ ಉಳಿದಿರಬೇಕು, ಕೆಟ್ಟಾಗ ಅಕ್ಕನ ಹೆಸರಿನ ಬೀಗ ಹಾಗೇ ಬಿದ್ದಿರಬೇಕು ಅನ್ನುತ್ತಾನೆ. ಇರಬಹುದು. ನನಗೆ ಅದು ತಿಳಿಯುವುದಿಲ್ಲ. ಹಾಗಾದರೆ ಕಾರ್ಡು ಪೂರ್ತಿ ಮಾಡಿದವರು ಯಾರು ಅಂದರೆ, ಅಕ್ಕನೇ ಮಾಡಿ ಮರೆತಿರಬೇಕು ಅನ್ನುತ್ತಾನೆ. ನನ್ನ ಹೆಸರು? ಅದಕ್ಕೆ ಅವನು ಮಾತನ್ನು ಬೇರೆ ಕಡೆ ತಿರುಗಿಸುತ್ತಾನೆ. ಮಂಗಳನ ತಾಯಿ ಬಂದಿದ್ದರು, ಮಗಳ ಬಾಣಂತನಕ್ಕೆ ಬರದೆ ಇರುತ್ತಾರೆಯೇ ಎಂದು ಬೀದಿಯ ಹೆಂಗಸರು ಹೇಳಿದರು. ಆಯಮ್ಮ ಸತ್ತಾಗ ಆ ಊರಿಗೆ ಕಂಪ್ಯೂಟರೇ ಬಂದಿರಲಿಲ್ಲ, ಸತ್ತ ಮೇಲೆ ಯಾರು ಕಲಿಸಿದರು ಎಂದು ನಾನು ಕೇಳಿದೆ.

ಮಂಗಳ ಆ ಮಾತು ತಾನಾಗಿ ಎತ್ತುವುದಿಲ್ಲ. ನಾನೇ ಒಂದು ಸಲ, ಸಿಂಧು ಸ್ಕೂಲಿಗೆ ಹೋದ ಮೇಲೆ, ಇಬ್ಬರೂ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಕೇಳಿಬಿಟ್ಟೆ. ಅವತ್ತು ಅಲ್ಲಿ ಕುಂತಿದ್ದವಳು ಯಾರಮ್ಮಿ?

ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ.

"ಯಾರಾದ್ರೂ ಆಗ್ಲಿ ಬುಡಿ ಅತ್ತೆ. ನಾ ಬರೋಗಂಟ ಕೆಲ್ಸ ನಿಲ್ಸ್ಲಿಲ್ಲ. ಬಂದ್ಮೇಲೆ ಜಾಗ ಬುಟ್ಕೊಟ್ಳು."

ಇದು ಉತ್ತರವಲ್ಲ ಎಂದು ನನಗೆ ಗೊತ್ತು. ಬೇರೆ ಉತ್ತರ ಕೊಡುವವರು ಈವರೆಗೆ ಸಿಕ್ಕಿಲ್ಲ.